ರಾಜೇಶ್ವರಿಯ ಸಹಿ

ಅಮೃತಮ್ಮನಿಗೆ ಬರೆಯಲು ಬರುತ್ತಿದ್ದದ್ದು ಒಂದೇ ಒಂದು ಹೆಸರು. ಅದು ಅವಳ ಹೆಸರಲ್ಲ.

ಈ ಸಂಗತಿ ನನಗೆ ತಿಳಿದದ್ದು ಆಕೆ ನನ್ನ ಮೇಜಿನ ಮುಂದೆ ಕುಳಿತು ಅರ್ಧ ಗಂಟೆಯಾದ ಮೇಲೆ. ಹಲಸೂರು ಮೆಟ್ರೊ ನಿಲ್ದಾಣದಿಂದ ನಾಲ್ಕು ಹೆಜ್ಜೆ ನಡೆದರೆ ಆದಿಲ್‌ನ ಜೆರಾಕ್ಸ್ ಅಂಗಡಿ. ಅದರ ಮೆಟ್ಟಿಲ ಪಕ್ಕ ಒಂದು ಮೇಜು, ಎರಡು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಮೆಟ್ರೊ ಬರುವುದಕ್ಕೂ ಎಷ್ಟೋ ಮುಂಚಿನಿಂದ ನಾನು ಜನರ ಅರ್ಜಿ ಬರೆಯುತ್ತಿದ್ದೇನೆ. ಹೆಸರು ಆದಿನಾರಾಯಣ, ಮನೆ ಮರ್ಫಿ ಟೌನ್. ಮೊದಲು ಟೈಪ್‌ರೈಟರ್ ಇತ್ತು, ಈಗ ಕೈಯಲ್ಲಿ ಬರೆದು ಆದಿಲ್‌ನ ಕಂಪ್ಯೂಟರಿನಲ್ಲಿ ಹೊಡೆಸುತ್ತೇನೆ. ಪಿಂಚಣಿ, ಖಾತೆ ಬದಲಾವಣೆ, ಗಂಡನ ಮೇಲೆ ದೂರು, ಹೆಂಡತಿಯ ಮೇಲೆ ದೂರು, ಎಲ್ಲಕ್ಕೂ ನನ್ನಲ್ಲಿ ಒಂದೊಂದು ಒಕ್ಕಣೆ ಸಿದ್ಧವಿದೆ. ಯಾವ ಕಚೇರಿಗೆ ಯಾವ ಮಾತು ಬರೆದರೆ ಫೈಲು ಮುಂದಕ್ಕೆ ಹೋಗುತ್ತದೆ ಎಂಬುದು ಈ ಊರಿನಲ್ಲಿ ನನಗೆ ಗೊತ್ತಿದ್ದಷ್ಟು ಯಾರಿಗೂ ಗೊತ್ತಿಲ್ಲವೆಂಬ ಜಂಬವೂ ಇತ್ತು. ಇತ್ತು ಎಂದೇ ಬರೆಯುತ್ತಿದ್ದೇನೆ.

ಆಕೆ ಬಂದದ್ದು ಯುಗಾದಿ ಕಳೆದ ಎರಡನೇ ವಾರ, ಮಧ್ಯಾಹ್ನ. ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರು, ಅದರೊಳಗೆ ಗುರುತಿನ ಚೀಟಿ ಮತ್ತು ಬ್ಯಾಂಕಿನ ಪಾಸ್‌ಬುಕ್ಕು. ಇಂದಿರಾನಗರ ದಾಟಿ ಹಳೇ ಮದರಾಸು ರಸ್ತೆಯಲ್ಲಿರುವ ಒಂಬತ್ತು ಮಹಡಿಯ ಗಾಜಿನ ಕಟ್ಟಡವೊಂದರಲ್ಲಿ ಕಸ ಗುಡಿಸಿ ನೆಲ ಒರೆಸುವ ಕೆಲಸ ಮಾಡಿದ್ದಳಂತೆ. ಕೆಲಸ ಮಾಡಿಸುತ್ತಿದ್ದ ಏಜೆನ್ಸಿ ಕೊನೆಯ ನಾಲ್ಕು ತಿಂಗಳ ಸಂಬಳ ಕೊಡದೆ, ಗುತ್ತಿಗೆ ಮುಗಿಯಿತೆಂದು ಗಂಟು ಕಟ್ಟಿಕೊಂಡು ಹೋಗಿತ್ತು. ಐವತ್ತಮೂರು ಸಾವಿರದ ಆರುನೂರು ರೂಪಾಯಿ. ಇಂಥ ಅರ್ಜಿಗಳನ್ನು ನಾನು ನಿದ್ದೆಗಣ್ಣಿನಲ್ಲೂ ಬರೆಯಬಲ್ಲೆ.

"ಹೆಸರೇನಮ್ಮಾ?" ಎಂದೆ.

"ರಾಜೇಶ್ವರಿ ರಿ" ಎಂದಳು. ಒಂದಿಷ್ಟೂ ತಡವರಿಸಲಿಲ್ಲ.

ಅರ್ಜಿ ಬರೆದು ಸಹಿ ಮಾಡು ಎಂದೆ. ಆಕೆ ಪೆನ್ನನ್ನು ಮುಷ್ಟಿಯಲ್ಲಿ ಹಿಡಿದು, ಕೆಳತುಟಿ ಕಚ್ಚಿಕೊಂಡು, ಗುಂಡು ಗುಂಡಾದ ನಾಲ್ಕು ದೊಡ್ಡ ಅಕ್ಷರ ಬರೆದಳು. ಆಮೇಲೆ ಆಧಾರ್ ಕಾರ್ಡು ಕೇಳಿದೆ. ಅಷ್ಟು ಹೊತ್ತು ಇಲ್ಲದ ಸಂಕೋಚ ಆಗ ಮುಖಕ್ಕೆ ಬಂತು. ಸೊಂಟದ ಚೀಲದಿಂದ ತೆಗೆದುಕೊಟ್ಟ ಕಾರ್ಡಿನಲ್ಲಿ ಇದ್ದದ್ದು ಅಮೃತಮ್ಮ, ಗಂಡ ಪೀರಪ್ಪ.

ನನಗೆ ಸಿಟ್ಟು ನೆತ್ತಿಗೇರಿತು. "ಏನಮ್ಮಾ ಇದು? ಬರೆದುಕೊಟ್ಟ ತಪ್ಪಿಗೆ ನನ್ನನ್ನ ಒಳಗೆ ಹಾಕಿಸ್ಬೇಕು ಅಂತಿದ್ದೀಯಾ?"

"ಸಿಟ್ಟಾಗಬ್ಯಾಡ್ರಿ ಅಣ್ಣಾರ. ಕೆಲಸ ನಾನೇ ಮಾಡೀನಿ. ಹೆಸರಷ್ಟ ನಮ್ಮ ನೆಗೆಣ್ಣಿದು."

ನಾವು ವಾರಗಿತ್ತಿ ಎನ್ನುವುದನ್ನು ಅವರ ಕಡೆ ನೆಗೆಣ್ಣಿ ಎನ್ನುತ್ತಾರೆ. ಗಂಡನ ತಮ್ಮನ ಹೆಂಡತಿ. ಅಮೃತಮ್ಮನ ಊರು ಯಾದಗಿರಿ ಜಿಲ್ಲೆಯ ಶಹಾಪುರದ ಕಡೆ. ಗಂಡ ಹೆಂಡತಿ ಹನ್ನೆರಡು ವರ್ಷದ ಹಿಂದೆ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಬಂದವರು. ಕೆ.ಆರ್. ಪುರದ ಹಿಂದೆ ಒಂದು ಬಾಡಿಗೆ ಕೋಣೆ. ಪೀರಪ್ಪ ಸಾರವೆಯಿಂದ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಕೋಣೆಯ ಹೊಸ್ತಿಲಲ್ಲಿ ಕುಳಿತು ಬೀದಿ ಕಾಯುವುದೇ ಅವನ ನೌಕರಿಯಾಗಿತ್ತು. ಮನೆಯ ಅಷ್ಟೂ ಭಾರ ಆಕೆಯ ಮೇಲೆ ಬಿತ್ತು.

ಆ ಗಾಜಿನ ಕಟ್ಟಡದಲ್ಲಿ ಕೆಲಸ ಸಿಕ್ಕಿದ್ದು ನೆಗೆಣ್ಣಿ ರಾಜೇಶ್ವರಿಗೆ. ನಾಲ್ಕು ತಿಂಗಳು ಮಾಡಿ ಅವಳು ಬಾಣಂತನಕ್ಕೆ ಊರಿಗೆ ಹೋದಳು. ಈ ಜನರಲ್ಲಿ ಒಂದು ಪದ್ಧತಿಯಿದೆ. ಒಬ್ಬಳು ಊರಿಗೆ ಹೋದರೆ ಮನೆಯ ಇನ್ನೊಬ್ಬಳು ಹೋಗಿ ಅವಳ ಜಾಗದಲ್ಲಿ ನಿಲ್ಲುವುದು. ಸೀಟು ಕಾಯುವುದು ಎನ್ನುತ್ತಾರೆ. ಕಟ್ಟಡದ ಕೆಲಸವಿರಲಿ, ಮನೆಗೆಲಸವಿರಲಿ, ಸೀಟು ತಪ್ಪಿದರೆ ಮತ್ತೆ ಸಿಗುವುದಿಲ್ಲ. ಹಾಗೆ ಅಮೃತಮ್ಮ ರಾಜೇಶ್ವರಿಯ ಗುರುತಿನ ಚೀಟಿಯನ್ನು ಕೊರಳಿಗೆ ಹಾಕಿಕೊಂಡು ಹೋದಳು. ಬೆವರಿಗೆ, ನೀರಿಗೆ ಅದರ ಮೇಲಿನ ಫೋಟೋ ಎಷ್ಟು ಮಾಸಿತ್ತೆಂದರೆ, ಅದರಲ್ಲಿರುವುದು ಹೆಂಗಸು ಎನ್ನುವುದಷ್ಟೇ ತಿಳಿಯುತ್ತಿತ್ತು.

ಹಾಜರಿಗೆ ಬೆರಳೊತ್ತುವ ಯಂತ್ರವಿತ್ತು. ಆದರೆ ನೆಲ ಒರೆಸುವ ಔಷಧಿ ನೀರಿನಲ್ಲಿ ಕೈಯಾಡಿಸಿ ಆಡಿಸಿ ಆ ಹೆಂಗಸರ ಬೆರಳಿನ ಗೆರೆಗಳೇ ಸವೆದುಹೋಗಿದ್ದವು. ಯಂತ್ರ ಯಾರನ್ನೂ ಗುರುತಿಸುತ್ತಿರಲಿಲ್ಲ. ಅದಕ್ಕೆ ಪುಸ್ತಕದಲ್ಲಿ ಸಹಿ ಮಾಡಿಸುತ್ತಿದ್ದರು. ಶಾಲೆಯ ಮುಖ ನೋಡದ ಅಮೃತಮ್ಮ, ಸೂಪರ್‌ವೈಸರ್ ಹಳೆಯ ಕ್ಯಾಲೆಂಡರಿನ ಹಿಂದೆ ಬರೆದುಕೊಟ್ಟ ನಾಲ್ಕು ಅಕ್ಷರಗಳನ್ನು ಒಂದು ಭಾನುವಾರವಿಡೀ ತಿದ್ದಿ ಕಲಿತಳು. ನಲವತ್ತು ದಾಟಿದ ಮೇಲೆ ಆಕೆ ಕಲಿತ ಮೊದಲ ಬರಹ ರಾಜೇಶ್ವರಿ.

ಆ ಸೂಪರ್‌ವೈಸರ್ ಹೆಸರು ಶ್ರೀನಾಥ್. ಎಲ್ಲ ಅವನಿಗೆ ಗೊತ್ತು. ಬಾಯಿ ಮುಚ್ಚಿಕೊಂಡಿರುವುದಕ್ಕೆ ತಿಂಗಳಿಗೆ ಐನೂರು ರೂಪಾಯಿ ತೆಗೆದುಕೊಳ್ಳುತ್ತಿದ್ದ. ಸಂಬಳ ರಾಜೇಶ್ವರಿಯ ಖಾತೆಗೆ ಬೀಳುತ್ತಿತ್ತು, ಎಟಿಎಂ ಕಾರ್ಡು ಅಮೃತಮ್ಮನ ಹತ್ತಿರ. ಅದರಲ್ಲಿ ಸಾವಿರ ರೂಪಾಯಿ ಊರಿಗೆ, ರಾಜೇಶ್ವರಿಗೆ. ಮನೆಗೆ ಬಾಡಿಗೆ ಕೊಡುವವರನ್ನು ಕಂಡಿದ್ದೆ, ಹೆಸರಿಗೂ ಬಾಡಿಗೆ ಕೊಟ್ಟವಳನ್ನು ಕಂಡದ್ದು ಅದೇ ಮೊದಲು. ಮಗು ಬಲಹೀನ ಎಂದು ರಾಜೇಶ್ವರಿ ವಾಪಸು ಬರಲಿಲ್ಲ. ಆರು ತಿಂಗಳಿಗೆಂದು ಕಾಯಲು ಹೋದ ಸೀಟಿನಲ್ಲಿ ಅಮೃತಮ್ಮ ಮೂರು ವರ್ಷ ದುಡಿದಳು. ನನ್ನ ಹೆಸರಿಗೇ ಮಾಡಿಕೊಡ್ರಿ ಎಂದು ಎರಡು ಸಲ ಕೇಳಿದ್ದಳು. "ನೆಲ ಏನ್ ನಿಮ್ ಹೆಸರು ಕೇಳುತ್ತಾ? ಒರೆಸ್ರಿ ಸುಮ್ನೆ" ಎಂದಿದ್ದ ಶ್ರೀನಾಥ್. ತನ್ನ ಸ್ವಂತ ಹೆಸರು ಆಕೆಗೆ ಕೆಲಸಕ್ಕೆ ಬರುತ್ತಿದ್ದದ್ದು ದಿನಕ್ಕೆ ಎರಡು ಸಲ, ಬಿಎಂಟಿಸಿ ಬಸ್ಸಿನಲ್ಲಿ ಕಂಡಕ್ಟರನಿಗೆ ಆಧಾರ್ ತೋರಿಸಿ ಉಚಿತ ಟಿಕೆಟ್ ಪಡೆಯುವಾಗ ಮಾತ್ರ.

ಕೊನೆಯ ನಾಲ್ಕು ತಿಂಗಳು ಏಜೆನ್ಸಿ ಸಂಬಳ ಹಾಕಲಿಲ್ಲ. ಮುಂದಿನ ವಾರ, ಮುಂದಿನ ವಾರ ಎಂದು ನೆಲ ಒರೆಸಿಸಿಕೊಂಡಿತು. ಆಮೇಲೆ ಗುತ್ತಿಗೆ ಬೇರೆ ಏಜೆನ್ಸಿಗೆ ಹೋಯಿತು. ಹೊಸಬರು ಮುಖ ನೋಡಿ ಹಾಜರಿ ಹಾಕುವ ಯಂತ್ರ ತಂದರು, ಅದು ಮುಖಕ್ಕೂ ಆಧಾರಿಗೂ ತಾಳೆ ಹಾಕುತ್ತದೆ. ಹಳೆಯ ಹೆಂಗಸರನ್ನೆಲ್ಲ ಉಳಿಸಿಕೊಂಡರು. ಅವರು ಆ ಆಸೆಗೆ ಹಳೆಯ ಸಂಬಳದ ಮಾತೆತ್ತದೆ ಬಾಯಿ ಹೊಲಿದುಕೊಂಡರು. ಯಂತ್ರದ ಮುಂದೆ ನಿಂತ ಅಮೃತಮ್ಮ ಮಾತ್ರ ಯಾರೂ ಅಲ್ಲದವಳಾಗಿ ಹೊರಗೆ ಬಂದಳು.

ಇಷ್ಟೇ ಆಗಿದ್ದರೆ ಆಕೆ ಸುಮ್ಮನಿರುತ್ತಿದ್ದಳೇನೋ. ಆ ನಾಲ್ಕು ತಿಂಗಳು ಮನೆ ನಡೆಸಲು, ಗಂಡನ ಔಷಧಿಗೆ, ಆಕೆ ಮಗಳ ಚಿನ್ನದ ಬೋರಮಾಳ ಸರವನ್ನು ಅಡವಿಟ್ಟಿದ್ದಳು. ಸುರಪುರದ ಕಡೆ ಕೊಟ್ಟಿದ್ದ ಒಬ್ಬಳೇ ಮಗಳು, ಅತ್ತೆಯ ಮನೆಯಲ್ಲಿ ಯಾರಿಗೂ ತಿಳಿಯದಂತೆ ತಂದುಕೊಟ್ಟಿದ್ದಳು. ಅದು ಅತ್ತೆಯೇ ಸೊಸೆಗೆ ಹಾಕಿದ ಸರ. ಶ್ರಾವಣದಲ್ಲಿ ಮಗಳ ಮೈದುನನ ಮದುವೆ. ಅಷ್ಟರೊಳಗೆ ಸರ ಮಗಳ ಕೊರಳಿಗೆ ಬರದಿದ್ದರೆ ಅವಳ ಬಾಳು ಏನಾಗುತ್ತದೆ ಎಂದು ಅಮೃತಮ್ಮ ಬಾಯಿಬಿಟ್ಟು ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ.

"ಖರೇ ಖರೇ ಬರದ್ರ ಆಗಂಗಿಲ್ಲೇನ್ರಿ ಅಣ್ಣಾರ?" ಎಂದು ಕೇಳಿದಳು. "ನಾನು ಅಮೃತಮ್ಮ, ಅಕಿ ಹೆಸರಿನ್ಯಾಗ ದುಡದೀನಿ ಅಂತ."

ಈ ಪ್ರಶ್ನೆಯನ್ನು ಆಕೆ ಕೇಳಿದ್ದು ನಿಜ. ನಾನು ನಕ್ಕದ್ದೂ ನಿಜ. "ನಿಜ ಬರೆದ್ರೆ ಏಜೆನ್ಸಿಯೋರು ಅಮೃತಮ್ಮ ಅನ್ನೋಳು ನಮ್ಮಲ್ಲಿ ಇರ್ಲೇ ಇಲ್ಲ ಅಂತಾರೆ. ಕೇಸು ಅಲ್ಲಿಗೇ ಮುಗೀತು. ರಾಜೇಶ್ವರಿ ಹೆಸರು ದಾಖಲೆಯಲ್ಲಿದೆ, ಬ್ಯಾಂಕಲ್ಲಿದೆ. ಅವಳನ್ನ ಕರೆಸು. ಅವಳು ಬಂದು ನಾನೇ ದುಡಿದೆ ಅನ್ಲಿ. ಶ್ರೀನಾಥ ಬಾಯಿ ಬಿಡೋ ಹಾಗಿಲ್ಲ. ಬಿಟ್ರೆ ಅವನು ತಿಂದ ಐನೂರು ಹೊರಗೆ ಬರುತ್ತೆ" ಎಂದೆ. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ. ಅರ್ಜಿಯ ಕೊನೆಯಲ್ಲಿ, ಮೇಲೆ ಹೇಳಿದ್ದೆಲ್ಲ ಸತ್ಯವೆಂದು ಪ್ರಮಾಣ ಮಾಡುವ ಸಾಲನ್ನೂ ನನ್ನ ಕೈಬರಹದಲ್ಲೇ ಸೇರಿಸಿದೆ.

ಅರ್ಜಿ ಕಾರ್ಮಿಕ ಅಧಿಕಾರಿಯ ಕಚೇರಿಗೆ ಹೋಯಿತು. ತಾರೀಖುಗಳಿಗೆ ಅರ್ಜಿದಾರಳ ಪರವಾಗಿ ನಾನೇ ಹೋದೆ. ಮೊದಲೆರಡು ತಾರೀಖಿಗೆ ಏಜೆನ್ಸಿಯವರು ಬರಲೇ ಇಲ್ಲ. ಮೂರನೆಯದಕ್ಕೆ ಶ್ರೀನಾಥನ ಕೈಲಿ ಒಂದು ಉತ್ತರ ಕಳಿಸಿದರು. ಆ ನಾಲ್ಕು ತಿಂಗಳ ಹಾಜರಿ ಪುಸ್ತಕ ಲಭ್ಯವಿಲ್ಲ, ಆದ್ದರಿಂದ ಅರ್ಜಿದಾರರು ಕೆಲಸ ಮಾಡಿದರೆಂಬುದಕ್ಕೆ ಆಧಾರವಿಲ್ಲ ಎಂದು. ಅಧಿಕಾರಿ ಒಬ್ಬ ನಡುವಯಸ್ಸಿನ ಹೆಂಗಸು. ಹಾಗಾದರೆ ಅರ್ಜಿದಾರರನ್ನೇ ಕೇಳಿ ನೋಡೋಣ, ಮುಂದಿನ ಸಲ ಖುದ್ದಾಗಿ ಬರಲಿ ಎಂದು ಬರೆದರು. ನಮಗೆ ಬೇಕಾದದ್ದೂ ಅದೇ.

ಆಷಾಢದಲ್ಲಿ ರಾಜೇಶ್ವರಿ ಊರಿಂದ ಬಂದಳು. ಉಚಿತ ಟಿಕೆಟಿನ ಬಸ್ಸುಗಳಲ್ಲೇ ಬರಬೇಕೆಂದು ನಾಲ್ಕು ಕಡೆ ಬಸ್ಸು ಬದಲಿಸಿ, ಮೂರು ವರ್ಷದ ಮಗನನ್ನು ಎತ್ತಿಕೊಂಡು ಬಂದಿದ್ದಳು. ಏಳನೇ ಕ್ಲಾಸು ಓದಿದವಳು, ಚುರುಕು. ವಿಚಾರಣೆಯ ಹಿಂದಿನ ಭಾನುವಾರ ಮಧ್ಯಾಹ್ನ ಹಲಸೂರು ಕೆರೆಯ ದಂಡೆಯ ಬೆಂಚಿನ ಮೇಲೆ ನಮ್ಮ ಪಾಠ ನಡೆಯಿತು. ನಾನು ಅಧಿಕಾರಿಯಾದೆ, ಅವಳು ಅರ್ಜಿದಾರಳಾದಳು, ಅಮೃತಮ್ಮ ಮೇಷ್ಟರಾದಳು.

"ಯಾವ ಮಹಡಿಯಲ್ಲಿ ಕೆಲಸ ಮಾಡ್ತಿದ್ರಿ?" ಎಂದೆ.

"ಐದು ಮತ್ತ ಆರು ರಿ" ಎಂದಳು ರಾಜೇಶ್ವರಿ.

"ನೀರು ಎಲ್ಲಿಂದ ಹಿಡೀತಿದ್ರಿ?"

"ಲಿಫ್ಟಿನ ಹಿಂದ ಸಣ್ಣ ಖೋಲಿ ಅದ ರಿ. ನಲ್ಲಿ ಎಡಕ್ಕ ತಿರುವಬೇಕು."

"ಎಡಕ್ಕಲ್ಲವ್ವ, ಬಲಕ್ಕ" ಎಂದು ತಿದ್ದಿದಳು ಅಮೃತಮ್ಮ. "ಬ್ಯಾರೇ ಮಾಳಿಗಿವೆಲ್ಲಾ ಎಡಕ್ಕ. ಆರನೇ ಮಾಳಿಗಿದು ಒಂದು ಬಲಕ್ಕ. ಜೋರು ತಿರುವಿದ್ರ ಮೈಮ್ಯಾಲೆ ಸಿಡೀತದ."

ಆಕೆ ಹೇಳುತ್ತ ಹೋದಳು. ಯಾವ ಮೂಲೆಯಲ್ಲಿ ಕಾಫಿ ಚೆಲ್ಲುತ್ತಾರೆ, ಯಾವ ಬಾಗಿಲಿನ ಗಾಜಿಗೆ ಕೈಗುರುತು ಹೆಚ್ಚು, ಬೆಳಿಗ್ಗೆ ಆರಕ್ಕೆ ಒರೆಸಲು ಶುರು ಮಾಡಿದರೆ ಎಲ್ಲಿಗೆ ಬರುವಾಗ ಬಿಸಿಲು ನೆಲಕ್ಕೆ ಬೀಳುತ್ತದೆ. ಆರನೇ ಮಹಡಿಯ ಮೂಲೆ ಕೋಣೆಯ ಮೇಡಂ ದೀಪಾವಳಿಗೆ ಸೀರೆ ಕೊಟ್ಟದ್ದು, ಡಬ್ಬಿಯ ಮೇಲೆ ರಾಜೇಶ್ವರಿ ಎಂದು ಬರೆದದ್ದು.

"ಹಂಗಾರ ಆ ಸೀರಿ ನಂದು, ತಾ ಇಲ್ಲಿ" ಎಂದು ರಾಜೇಶ್ವರಿ ಕೈ ಒಡ್ಡಿದಳು. ಇಬ್ಬರೂ ನಕ್ಕರು. ಮೂರು ತಿಂಗಳಲ್ಲಿ ಅಮೃತಮ್ಮ ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಹಣ ಬಂದರೆ ಸರ ಬಿಡಿಸಿಕೊಳ್ಳಲು ಮೂವತ್ತೆಂಟು ಸಾವಿರ, ಬಡ್ಡಿ ಬೇರೆ. ಉಳಿದದ್ದರಲ್ಲಿ ರಾಜೇಶ್ವರಿಗೆ ಐದು ಸಾವಿರ ಎಂದು ಮಾತಾಯಿತು. ನನಗೆ ಬೇಡವೆಂದೆ. ಅಷ್ಟು ದೊಡ್ಡ ಮನುಷ್ಯನಾಗಿದ್ದೆ ನಾನು ಆ ಹೊತ್ತಿನಲ್ಲಿ.

ವಿಚಾರಣೆಯ ದಿನ ಕಚೇರಿಯ ಪಡಸಾಲೆಯಲ್ಲಿ ಎದುರುಬದುರು ಎರಡು ಬೆಂಚು. ಈ ಕಡೆ ನಾವು, ಆ ಕಡೆ ಶ್ರೀನಾಥ್. ಅಮೃತಮ್ಮ ಒಳಗೆ ಬರಬೇಕಾದ ಅಗತ್ಯವಿರಲಿಲ್ಲ. ಮಗುವನ್ನು ನೋಡಿಕೊಳ್ಳಲು ಬಂದಿದ್ದಳು, ಅಷ್ಟೆ. ನಾವು ಬರುತ್ತಿದ್ದಂತೆ ಶ್ರೀನಾಥ್ ಅಮೃತಮ್ಮನತ್ತ ನೋಡಿ, "ಏನ್ ರಾಜೇಶ್ವರಮ್ಮ, ಚೆನ್ನಾಗಿದ್ದೀರಾ?" ಎಂದ. ಮೂರು ವರ್ಷದ ರೂಢಿ. ಎಂದವನೇ ನಾಲಿಗೆ ಕಚ್ಚಿಕೊಂಡು ಮೊಬೈಲಿಗೆ ತಲೆ ಹಾಕಿದ. ಬಾಯಿ ಬಿಟ್ಟರೆ ತನಗೇ ಕಷ್ಟವೆಂದು ಅವನಿಗೆ ಗೊತ್ತಿದೆ, ಮೀನು ಗಾಳಕ್ಕೆ ಬಿತ್ತೆಂದು ನಾನು ಒಳಗೊಳಗೇ ಹಿಗ್ಗಿದೆ. ಅವನ ರೂಢಿಯನ್ನು ನೋಡಿದವನಿಗೆ ನಮ್ಮ ಪಕ್ಕದಲ್ಲಿದ್ದ ರೂಢಿ ಕಾಣಲಿಲ್ಲ.

ಒಂದೂವರೆ ಗಂಟೆ ಕಾದೆವು. ಮಗು ಅಮೃತಮ್ಮನ ತೊಡೆಯ ಮೇಲೆ ನಿದ್ದೆ ಹೋಯಿತು. ಆಕೆಗೂ ಮಂಪರು. ಅಧಿಕಾರಿಯ ಬಾಗಿಲು ತೆರೆದೇ ಇತ್ತು. ಜವಾನ ಹೊರಗೆ ಬಂದು ಗಟ್ಟಿಯಾಗಿ ಕೂಗಿದ: "ರಾಜೇಶ್ವರಿ!"

ಅಮೃತಮ್ಮ ದಡಕ್ಕನೆ ಎದ್ದು ನಿಂತಳು. "ಬಂದೆ ಸಾರ್" ಎಂದಳು. ಮಗುವನ್ನು ಹೆಗಲಿಗೆ ಹಾಕಿಕೊಂಡು ಎರಡು ಹೆಜ್ಜೆ ಇಟ್ಟೂ ಬಿಟ್ಟಳು.

ಅವಳ ಪಕ್ಕದಲ್ಲಿ ರಾಜೇಶ್ವರಿಯೂ ಎದ್ದು ನಿಂತಿದ್ದಳು.

ಮೂರು ವರ್ಷ ಆ ಹೆಸರನ್ನು ಕೂಗಿದ ಕ್ಷಣದಲ್ಲಿ ಓಡಿಹೋಗದಿದ್ದರೆ ಅರ್ಧ ದಿನದ ಸಂಬಳ ಹೋಗುತ್ತಿತ್ತು. ಮೈಗೆ ಹತ್ತಿದ್ದನ್ನು ಕೆರೆ ದಂಡೆಯ ಒಂದು ಮಧ್ಯಾಹ್ನದ ಪಾಠ ಬಿಡಿಸುತ್ತದೆಯೇ? ಎಲ್ಲ ಪ್ರಶ್ನೆಗೂ ಉತ್ತರ ಕಲಿಸಿದ ನಾನು, ಆ ಹೆಸರು ಕೂಗಿದರೆ ನೀನು ಏಳಬೇಡ ಎಂದು ಅಮೃತಮ್ಮನಿಗೆ ಹೇಳಿರಲಿಲ್ಲ.

ಅಧಿಕಾರಿ ತಮ್ಮ ಕುರ್ಚಿಯಿಂದಲೇ ನೋಡಿದ್ದರು. ಎಲ್ಲರನ್ನೂ ಒಳಗೆ ಕರೆದರು.

"ಇಬ್ಬರಲ್ಲಿ ರಾಜೇಶ್ವರಿ ಯಾರು?"

ರಾಜೇಶ್ವರಿ ಕೈಯೆತ್ತಿದಳು. ಅಮೃತಮ್ಮ ಮಗುವನ್ನು ಎದೆಗೆ ಅವಚಿಕೊಂಡಳು. ಶ್ರೀನಾಥ್ ಆಕೆಯನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಯಾರ್ ಮೇಡಂ ಇವ್ರು? ನಾನ್ ಯಾವತ್ತೂ ನೋಡೇ ಇಲ್ಲ" ಎಂದ. ಪಡಸಾಲೆಯಲ್ಲಿ ಕುಶಲ ಕೇಳಿ ಎರಡು ಗಂಟೆಯೂ ಆಗಿರಲಿಲ್ಲ. ಅಂಥ ಮಾತನ್ನು ರೆಪ್ಪೆ ಅಲುಗಿಸದೆ ಹೇಳುವ ಮನುಷ್ಯನ ಮುಖಕ್ಕೆ ಉಗಿಯಬೇಕೆನ್ನಿಸಿತು. ಉಗಿಯಲಿಲ್ಲ.

ಅಧಿಕಾರಿ ಎರಡು ಬಿಳಿಹಾಳೆ ತೆಗೆದರು. "ಇಬ್ಬರೂ ನಿಮ್ಮ ನಿಮ್ಮ ಹೆಸರು ಬರೀರಿ."

ರಾಜೇಶ್ವರಿ ಸರಸರನೆ, ಬಲಕ್ಕೆ ವಾಲಿದ ಅಕ್ಷರದಲ್ಲಿ ಬರೆದು ಪೆನ್ನು ಇಟ್ಟಳು. ಅಮೃತಮ್ಮ ಮಗುವನ್ನು ಕೆಳಗಿಳಿಸಿ, ಪೆನ್ನನ್ನು ಮುಷ್ಟಿಯಲ್ಲಿ ಹಿಡಿದು, ನನ್ನ ಮುಖ ನೋಡಿದಳು. ಕೆಳತುಟಿ ಕಚ್ಚಿಕೊಂಡು ಆಕೆ ತನಗೆ ಬರುತ್ತಿದ್ದ ಒಂದೇ ಹೆಸರನ್ನು ಬರೆದಳು. ಗುಂಡು ಗುಂಡಾದ ನಾಲ್ಕು ಅಕ್ಷರ.

"ಮೇಡಂ, ಒಂದ್ ನಿಮಿಷ" ಎಂದ ಶ್ರೀನಾಥ್. ಕಾಲ ಬುಡದ ಚೀಲದ ಜಿಪ್ಪು ಎಳೆದು ಒಂದು ಪುಸ್ತಕ ತೆಗೆದ. ನೀಲಿ ರಟ್ಟಿನ, ಉದ್ದನೆಯ ಹಾಜರಿ ಪುಸ್ತಕ. ಲಭ್ಯವಿಲ್ಲವೆಂದು ಸಹಿ ಮಾಡಿ ಬರೆದುಕೊಟ್ಟಿದ್ದರಲ್ಲ, ಅದೇ ಪುಸ್ತಕ. ಪುಟ ತಿರುವಿ ಮೇಜಿನ ಮೇಲೆ ಇಟ್ಟ. ನಾಲ್ಕು ತಿಂಗಳು, ಒಂದು ದಿನವೂ ತಪ್ಪದೆ, ಗುಂಡು ಗುಂಡಾದ ರಾಜೇಶ್ವರಿ. "ಸಹಿ ನೋಡಿ ಮೇಡಂ. ಅರ್ಜಿದಾರ್ರು ಮಾಡಿರೋದಲ್ಲ. ಇದು ಇಂಪರ್ಸನೇಷನ್. ಕಂಪನಿಗೆ ಮೋಸ ಆಗಿದೆ."

ನನಗೆ ತಡೆಯಲಾಗಲಿಲ್ಲ. "ಮೇಡಂ, ಪುಸ್ತಕ ಇಲ್ಲ ಅಂದಿದ್ರು, ಈಗ ಇದೆ. ನಾಲ್ಕು ತಿಂಗಳು ಕೆಲಸ ಆಗಿದೆ ಅನ್ನೋದಕ್ಕೆ ಅವರ ಪುಸ್ತಕವೇ ಸಾಕ್ಷಿ. ಆ ಸಂಬಳ ಯಾರಿಗೂ ಕೊಟ್ಟಿಲ್ಲ."

ಅಧಿಕಾರಿ ಪುಸ್ತಕವನ್ನೂ ನನ್ನನ್ನೂ ನೋಡಿದರು. "ಕೆಲಸ ಆಗಿದೆ, ಒಪ್ಪಿದೆ. ಮಾಡಿದ್ದು ಯಾರು ಅಂತ ನಿಮ್ಮ ಅರ್ಜೀಲಿ ಏನು ಬರೆದಿದ್ದೀರಿ?"

ಅವರು ಅರ್ಜಿಯನ್ನು ನನ್ನ ಕಡೆ ತಿರುಗಿಸಿ, ಪ್ರಮಾಣದ ಸಾಲಿನ ಮೇಲೆ ಬೆರಳಿಟ್ಟರು.

"ಇದ್ದದ್ದು ಇದ್ದ ಹಾಗೆ ಬರೆದಿದ್ರೆ ಜೊತೇಲಿ ಕೆಲಸ ಮಾಡಿದೋರನ್ನ ಕರೆಸಿ ಕೇಳ್ತಿದ್ದೆ. ದುಡಿದೋರಿಗೆ ಕೊಡಿಸೋಕೇ ನಾನಿಲ್ಲಿ ಕೂತಿರೋದು. ನೀವು ಸತ್ಯ ಅಂತ ಪ್ರಮಾಣ ಮಾಡಿ ಸುಳ್ಳು ಕೊಟ್ಟಿದ್ದೀರಿ. ಈಗಲೂ ಬೇಕಾದ್ರೆ ಈಕೆ ಹೆಸರಲ್ಲಿ ಹೊಸ ಅರ್ಜಿ ಹಾಕಿ, ನೋಡೋಣ" ಎಂದರು. ಆ ದಿನ ಆ ಕೋಣೆಯಲ್ಲಿ ನ್ಯಾಯವಾಗಿ ಮಾತಾಡಿದವರು ಅವರೊಬ್ಬರೇ.

ಖರೇ ಖರೇ ಬರದ್ರ ಆಗಂಗಿಲ್ಲೇನ್ರಿ ಎಂದು ಕೇಳಿದವಳು ಪಕ್ಕದಲ್ಲೇ ನಿಂತಿದ್ದಳು. ಅವಳು ನನ್ನತ್ತ ನೋಡಲಿಲ್ಲ. ನೋಡಿದ್ದರೆ ಒಳ್ಳೆಯದಿತ್ತು.

ಪಡಸಾಲೆಗೆ ಬಂದ ಮೇಲೆ ಶ್ರೀನಾಥ್ ನಮ್ಮ ಹಿಂದೆಯೇ ಬಂದ. ಈಗ ಅವನ ದನಿ ಬೆಣ್ಣೆಯಂತಾಗಿತ್ತು. "ನೋಡಿ, ಹೊಸ ಅರ್ಜಿ ಹಾಕಿದ್ರೆ ನಾವು ಪೊಲೀಸ್ ಕಂಪ್ಲೇಂಟ್ ಕೊಡ್ಬೇಕಾಗುತ್ತೆ. ಬೇರೆಯೋರ ಹೆಸರಲ್ಲಿ ಸೈನ್ ಹಾಕೋದು ಸಣ್ಣ ವಿಷ್ಯ ಅಲ್ಲ. ಇಬ್ರು ಹೆಂಗಸ್ರೂ ಒಳಗ್ ಹೋಗ್ತಾರೆ. ಬರೆದುಕೊಟ್ಟೋರಿಗೂ ತೊಂದ್ರೆ. ಎಲ್ಲಾ ಇಲ್ಲಿಗೇ ಮುಗಿಸ್ಬಿಡಿ."

ನಾನು ಎದುರು ಮಾತಾಡಬೇಕಿತ್ತು. ನಿನ್ನ ಐನೂರರ ಕಥೆಯೂ ಸ್ಟೇಷನ್ನಿನಲ್ಲೇ ಆಗಲಿ ಬಾ ಎನ್ನಬೇಕಿತ್ತು. ಆದರೆ ಆ ಐನೂರನ್ನು ಆಕೆ ಕೈಯಲ್ಲಿ ಕೊಟ್ಟದ್ದು, ಚೀಟಿಯಿಲ್ಲ, ಸಾಕ್ಷಿಯಿಲ್ಲ. ಪ್ರಮಾಣದ ಸಾಲು ಮಾತ್ರ ನನ್ನ ಕೈಬರಹದಲ್ಲಿತ್ತು, ಹಾಳೆಯ ಕೆಳಗೆ ಬರೆದವನ ಹೆಸರೂ ಇತ್ತು. ಅರವತ್ತನಾಲ್ಕನೇ ವಯಸ್ಸಿನಲ್ಲಿ ಹಲಸೂರಿನ ಪೊಲೀಸ್ ಠಾಣೆಯ ಬೆಂಚು ನೆನಪಾಯಿತು. ಹೆದರಿದೆ. ಅದನ್ನು ಬೇರೆ ಹೇಗೆ ಬರೆಯುವುದೋ ನನಗೆ ಗೊತ್ತಿಲ್ಲ.

ಎರಡು ಹೇಳಿಕೆ ಬೇಕೆಂದ. ರಾಜೇಶ್ವರಿಯದು ಒಂದು, ನನಗೆ ಏಜೆನ್ಸಿಯಿಂದ ಬರಬೇಕಾದದ್ದು ಏನೂ ಇಲ್ಲ, ಅರ್ಜಿ ಹಿಂದಕ್ಕೆ ಪಡೆದಿದ್ದೇನೆ ಎಂದು. ಅಮೃತಮ್ಮನದು ಇನ್ನೊಂದು, ನಾನು ಆ ಕಟ್ಟಡದಲ್ಲಿ ಒಂದು ದಿನವೂ ಕೆಲಸ ಮಾಡಿದವಳಲ್ಲ ಎಂದು. ಬರೆದವನು ನಾನೇ. ಪಡಸಾಲೆಯ ಬೆಂಚಿನ ಮೇಲೆ ತೊಡೆಗೆ ರಟ್ಟು ಇಟ್ಟುಕೊಂಡು, ನನ್ನ ಒಳ್ಳೆಯ ಒಕ್ಕಣೆಯಲ್ಲಿ ಬರೆದೆ. ಓದಿ ಹೇಳಿದಾಗ ಅಮೃತಮ್ಮ, "ಒಂದು ದಿನಾನೂ ಅಲ್ಲೇನ್ರಿ?" ಎಂದಷ್ಟೇ ಕೇಳಿದಳು. ಹೆಬ್ಬೆಟ್ಟು ಒತ್ತಿದಳು.

ಶ್ರೀನಾಥ್ ಹಾಳೆಗಳನ್ನು ಮಡಿಸಿ ಜೇಬಿಗಿಟ್ಟು, ನೂರು ರೂಪಾಯಿ ನೋಟು ನನ್ನ ಮುಂದೆ ಹಿಡಿದ. "ನಿಮ್ಮ ಬರೆಯೋ ಚಾರ್ಜು, ಸಾರ್." ಯಾರಾದರೂ ನೋಟು ಹಿಡಿದರೆ ಚಾಚುವುದು ನನ್ನ ಕೈಗೆ ಮೂವತ್ತು ವರ್ಷದ ರೂಢಿ. ಕೈ ಚಾಚಿತು. ತಪ್ಪೆಂದು ತಿಳಿಯುವಷ್ಟರಲ್ಲಿ ಅವನು ಮೆಟ್ಟಿಲಿಳಿದಿದ್ದ. ಆ ನೂರಕ್ಕೆ ಇನ್ನೂ ಎಂಬತ್ತು ಸೇರಿಸಿ ಆಟೋದವನಿಗೆ ಕೊಟ್ಟೆ.

ದಾರಿಯುದ್ದಕ್ಕೂ ರಾಜೇಶ್ವರಿ ಅತ್ತಳು. ತನ್ನ ತಪ್ಪೇನೋ ಎಂಬಂತೆ, "ಅಕ್ಕಾ, ನಾ ಮೊದಲೇ ಏಳಬೇಕಿತ್ತು, ಮೊದಲೇ ಏಳಬೇಕಿತ್ತು" ಎನ್ನುತ್ತಿದ್ದಳು. ಅಮೃತಮ್ಮ ಮಗುವಿನ ಮೂಗು ಒರೆಸಿದಳು. ತಾನು ಎದ್ದದ್ದರ ಬಗ್ಗೆ ಅವತ್ತೂ, ಆಮೇಲೂ ಒಂದು ಮಾತೂ ಆಡಲಿಲ್ಲ. ನನ್ನನ್ನು ಬೈಯಲೂ ಇಲ್ಲ. ಬೈದಿದ್ದರೆ ನಾನು ಎದುರುತ್ತರವನ್ನಾದರೂ ಹುಡುಕಿಕೊಳ್ಳುತ್ತಿದ್ದೆ.

ಹೊಸ ಅರ್ಜಿ ಹಾಕೋಣವೆಂದು ಹತ್ತು ದಿನ ಬಿಟ್ಟು ನಾನೇ ಕೆ.ಆರ್. ಪುರಕ್ಕೆ ಹೋದೆ. ಹೊಸ್ತಿಲಲ್ಲಿ ಕುಳಿತಿದ್ದ ಪೀರಪ್ಪ, "ಸಾಕ್ರಿ ಸಾಹೇಬ್ರ, ನೀವು ಬರದಿದ್ದು" ಎಂದ. ಒಳಗೆ ಕರೆಯಲಿಲ್ಲ. ವಾಪಸು ಬರುವಾಗ ಮೆಟ್ರೊದಲ್ಲಿ ಸೀಟು ಖಾಲಿಯಿದ್ದರೂ ನಿಂತೇ ಬಂದೆ.

ಸರ ಅಡವಿನಂಗಡಿಯಲ್ಲಿ ಹರಾಜಾಯಿತು. ಶ್ರಾವಣದ ಮದುವೆಗೆ ಮಗಳು ಬರಿಗೊರಳಿನಲ್ಲಿ ನಿಂತಳು. ಕೇಳಿದ್ದಕ್ಕೆ ಅಡವಿಟ್ಟದ್ದು ನಾನೇ ಎಂದು ತಾಯಿಯ ಹೆಸರು ಮುಚ್ಚಿಟ್ಟು ಹೇಳಿದಳಂತೆ. ಸರ ತಂದರೆ ಒಳಗೆ ಬಾ ಎಂದು ಅತ್ತೆ ಕಳಿಸಿಬಿಟ್ಟಳು. ಗಂಡ ಬಸ್ಸು ಹತ್ತಿಸಲೂ ಬರಲಿಲ್ಲ.

ಇದನ್ನು ನನಗೆ ಹೇಳಿದ್ದು ಅಮೃತಮ್ಮನೇ. ದಸರೆ ಮುಗಿದ ಮೇಲೆ ಒಂದು ಬೆಳಿಗ್ಗೆ ಆಕೆ ಮತ್ತೆ ನನ್ನ ಮೇಜಿನ ಮುಂದೆ ನಿಂತಿದ್ದಳು. ಪಕ್ಕದಲ್ಲಿ ಇಪ್ಪತ್ತೆರಡು ವರ್ಷದ, ತಾಯಿಯದೇ ಹಣೆಯ ಹುಡುಗಿ. ಕೈಯಲ್ಲಿ ಎರಡು ಫಾರಂ. ಅದೇ ಗಾಜಿನ ಕಟ್ಟಡ, ಹೊಸ ಏಜೆನ್ಸಿ, ಹೆಂಗಸರು ಬೇಕಾಗಿದ್ದಾರಂತೆ. ಬೇರೆ ಯಾರ ಹತ್ತಿರವಾದರೂ ತುಂಬಿಸಬಹುದಿತ್ತು. ನನ್ನ ಹತ್ತಿರವೇ ಯಾಕೆ ಬಂದಳೆಂದು ಕೇಳುವ ಧೈರ್ಯ ನನಗಾಗಲಿಲ್ಲ.

ಮಗಳದನ್ನು ತುಂಬಿದೆ. ಅನುಭವ ಎಂಬ ಕಡೆ ಇಲ್ಲ ಎಂದು ಬರೆದೆ. ಆಮೇಲೆ ತಾಯಿಯದು. ಹೆಸರು ಅಮೃತಮ್ಮ ಎಂದು ಈ ಸಲ ಕೇಳದೆಯೇ ಬರೆದೆ. ಅನುಭವದ ಕಡೆ ಬಂದು ಪೆನ್ನು ನಿಂತಿತು.

"ಏನ್ ಬರೀಲಮ್ಮಾ?"

"ಇಲ್ಲ ಅಂತ ಬರೀರಿ."

"ಮೂರು ವರ್ಷ ಮಾಡಿದ್ದೀಯಲ್ಲಾ. ಅನುಭವ ಇದ್ದೋರಿಗೆ ಜಾಸ್ತಿ ಕೊಡ್ತಾರೆ. ಹೊಸಬರಿಗೆ ಆರು ತಿಂಗಳು ಕಮ್ಮಿ ಸಂಬಳ ಅಂತ ಇಲ್ಲೇ ಬರೆದಿದೆ ನೋಡು."

"ಒಂದು ದಿನಾನೂ ಮಾಡಿಲ್ಲಂತ ನೀವ ಬರದು ಕೊಟ್ಟೀರಲ್ರಿ ಅಣ್ಣಾರ."

ಇಲ್ಲ ಎಂದು ಬರೆದೆ. ತಾಯಿಗೂ ಮಗಳಿಗೂ ಒಂದೇ ಸಂಬಳ. ಇನ್ನು ಮೇಲೆ ಆರನೇ ಮಹಡಿಯ ನಲ್ಲಿ ಯಾವ ಕಡೆಗೆ ತಿರುಗುತ್ತದೆಂದು ಮೊನ್ನೆ ಮೊನ್ನೆ ಸೇರಿದ ಹುಡುಗಿಯೊಬ್ಬಳು ಆಕೆಗೆ ಕಲಿಸಿಕೊಡುತ್ತಾಳೆ.

ಮಗಳು ಸಹಿ ಮಾಡಿದಳು. ನಾನು ಪೆನ್ನನ್ನು ತಾಯಿಯ ಕಡೆ ಹಿಡಿದೆ. "ಅಮೃತಮ್ಮ ಅಂತ ಬರೆಯೋದು ಕಲಿಸಿಕೊಡ್ತೀನಿ. ಅದಕ್ಕೂ ನಾಲ್ಕೇ ಅಕ್ಷರ" ಎಂದೆ.

"ಬ್ಯಾಡ್ರಿ. ಒಂದು ಹೆಸರು ಬರಿಲಿಕ್ಕ ಕಲ್ತಿದ್ದಕ್ಕ ಇಷ್ಟಾತು. ಮಸಿ ಡಬ್ಬಿ ಕೊಡ್ರಿ."

ಕೊಟ್ಟೆ. ಆಕೆ ಹೆಬ್ಬೆರಳನ್ನು ಮಸಿಗೆ ಅದ್ದಿ ಒತ್ತಿದಳು. ನೀಲಿ ಮಚ್ಚೆ ಬಂತು, ಗೆರೆ ಬರಲಿಲ್ಲ. ಸೆರಗಿನಿಂದ ಒರೆಸಿಕೊಂಡು ಇನ್ನೊಂದು ಸಲ ಒತ್ತಿದಳು, ಆಗಲೂ ಬರಲಿಲ್ಲ. ಮೂರನೇ ಸಲಕ್ಕೂ ಮಚ್ಚೆಯೇ. ಅದರ ಪಕ್ಕದಲ್ಲಿ, ಇದು ಅಮೃತಮ್ಮನ ಹೆಬ್ಬೆಟ್ಟು ಎಂದು ನಾನು ಬರೆದೆ.